ಅಮ್ಮನ ಅಂಡಾಶಯದಲ್ಲಿ ನೀರುಗುಳ್ಳೆ: ಈಗಲೇ ತೆಗೆಸಬೇಕೇ?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಪ್ಪನೊಂದಿಗೆ ಇದ್ದಾರೆ. ಅಡಿಕೆ ತೋಟವಿದೆ, ಎರಡು ಹಸುಗಳಿವೆ. ಮುಟ್ಟು ನಿಂತು 13 ವರ್ಷವಾಯಿತು. ಆಗಸ್ಟ್ ಕೊನೆಯಲ್ಲಿ ಸೊಂಟ ನೋವು ಬಂದು, ಮೂತ್ರಪಿಂಡದಲ್ಲಿ ಕಲ್ಲಿರಬಹುದೆಂದು ಸ್ಕ್ಯಾನಿಂಗ್ ಮಾಡಿಸಿದೆವು. ಕಲ್ಲು ಇರಲಿಲ್ಲ. ಆದರೆ ಎಡ ಅಂಡಾಶಯದಲ್ಲಿ 4.1 ಸೆಂ.ಮೀ. ಅಳತೆಯ ‘ಸಿಂಪಲ್ ಸಿಸ್ಟ್’ (ಸರಳ ನೀರುಗುಳ್ಳೆ) ಇದೆ, ಬಲ ಅಂಡಾಶಯ ಕಾಣಿಸಲಿಲ್ಲ ಎಂದು ವರದಿ ಬಂತು. ಗರ್ಭಕೋಶದ ಒಳಪದರ 3 ಮಿ.ಮೀ. ಇದೆಯಂತೆ. ಅಂಡಾಶಯದ ಕ್ಯಾನ್ಸರ್‌ನ ಸುಳಿವು ನೋಡಲು ಮಾಡುವ ಸಿಎ-125 ರಕ್ತ ಪರೀಕ್ಷೆಯಲ್ಲಿ 19 ಬಂದಿದೆ. ಒಬ್ಬ ವೈದ್ಯರು ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ಇನ್ನೊಬ್ಬರು, ಈ ವಯಸ್ಸಿನಲ್ಲಿ ಇಟ್ಟುಕೊಂಡು ಏನು ಮಾಡುತ್ತೀರಿ, ಗರ್ಭಕೋಶದ ಸಮೇತ ತೆಗೆಸಿಬಿಡಿ, ಕ್ಯಾನ್ಸರ್ ಭಯವೇ ಇರುವುದಿಲ್ಲ ಎಂದರು. ನನ್ನ ಸೋದರತ್ತೆ ಅಂಡಾಶಯದ ಕ್ಯಾನ್ಸರ್‌ನಿಂದಲೇ ತೀರಿಕೊಂಡರು. ಹಾಗಾಗಿ ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಅಮ್ಮ ಮಾತ್ರ ‘ನನಗೇನೂ ಆಗಿಲ್ಲ, ಸುಮ್ಮನೆ ಗಾಬರಿ ಮಾಡಬೇಡ’ ಎನ್ನುತ್ತಾರೆ. ಆದರೆ ಈಚೆಗೆ ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದಾರೆ, ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಲಾಗುವುದಿಲ್ಲ ಎನ್ನುತ್ತಾರೆ. ನಾನು ಬೆಂಗಳೂರಿನಲ್ಲಿದ್ದೇನೆ. ಏನು ಮಾಡಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದ ವಿವರಗಳೇ ವರದಿಯಲ್ಲಿಯೂ ಇದ್ದರೆ ಈಗ ಆಪರೇಷನ್ ಬೇಡ. ದಿನ ಗೊತ್ತುಮಾಡಿಕೊಂಡು ಮತ್ತೆ ಸ್ಕ್ಯಾನ್ ಮಾಡಿಸಿದರೆ ಸಾಕು. ಕೆಲವು ತಿಂಗಳು ಬಿಟ್ಟು ನೋಡೋಣ ಎಂದ ವೈದ್ಯರು ಕೈತೊಳೆದುಕೊಳ್ಳಲು ಹಾಗೆ ಹೇಳಿದ್ದಲ್ಲ, ಇಂಥ ಗುಳ್ಳೆಗೆ ಇವತ್ತಿನ ಸರಿಯಾದ ಚಿಕಿತ್ಸೆಯೇ ಅದು. ಆದರೆ ನಿಮ್ಮ ಪತ್ರದ ಕೊನೆಯಲ್ಲಿ ಎರಡು ಸಂಗತಿಗಳು ಬಂದುಹೋಗಿವೆ. ಒಂದು, ಅಮ್ಮ ಮದುವೆಮನೆಗೆ ಹೋಗುವುದನ್ನು ಬಿಟ್ಟಿದ್ದು. ಇನ್ನೊಂದು, ಸೋದರತ್ತೆಯ ಕಾಯಿಲೆ. ಆ 4.1 ಸೆಂ.ಮೀ. ಗುಳ್ಳೆಗಿಂತ ಇವೆರಡೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವು. ಅಲ್ಲಿಗೆ ಬರುವ ಮುನ್ನ ಗುಳ್ಳೆಯ ವಿಚಾರ ಮುಗಿಸೋಣ.

ಮುಟ್ಟು ನಿಂತ ಮೇಲೆ ಅಂಡಾಶಯಕ್ಕೆ ಕೆಲಸವಿಲ್ಲ, ಕೆಲಸವಿಲ್ಲದ ಕಡೆ ಏನಾದರೂ ಬೆಳೆದರೆ ಅದು ಕೆಟ್ಟದ್ದೇ ಇರಬೇಕು ಎಂದು ಬಹಳ ಮಂದಿ ತಿಳಿದಿದ್ದಾರೆ. ಒಂದು ಕಾಲದಲ್ಲಿ ನಮ್ಮ ವೈದ್ಯರೂ ಹಾಗೆಯೇ ತಿಳಿದಿದ್ದರು. ಸ್ಕ್ಯಾನಿಂಗ್ ಯಂತ್ರಗಳು ಬಂದ ಮೇಲೆ ಆ ತಿಳಿವಳಿಕೆ ಬದಲಾಯಿತು. ಅಮೆರಿಕದಲ್ಲಿ 55 ದಾಟಿದ 15 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷ ವರ್ಷವೂ ಸ್ಕ್ಯಾನ್ ಮಾಡಿ ನೋಡಿದಾಗ, ಮೊದಲ ಸಲವೇ ನೂರಕ್ಕೆ 14 ಮಂದಿಯಲ್ಲಿ ಇಂಥ ಸರಳ ನೀರುಗುಳ್ಳೆಗಳು ಕಂಡವು. ಮರುವರ್ಷ ನೋಡುವಾಗ ಅವರಲ್ಲಿ ಸುಮಾರು ಮೂರನೇ ಒಂದು ಭಾಗದವರ ಗುಳ್ಳೆ ತಾನಾಗಿಯೇ ಇಲ್ಲವಾಗಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಮಂದಿಯಲ್ಲಿ ಒಂದು ಗುಳ್ಳೆ ಹಾಗೆಯೇ ಉಳಿದಿತ್ತು. ಗೋಡೆ ತೆಳುವಾಗಿದ್ದು, ಒಳಗೆ ತಿಳಿನೀರು ಮಾತ್ರ ಇರುವ ಗುಳ್ಳೆಯಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ನಿಮ್ಮ ತಾಯಿಯ ವಯಸ್ಸಿನ ಎಷ್ಟೋ ಹೆಂಗಸರು ಇಂಥದ್ದೊಂದು ಇರುವುದೇ ಗೊತ್ತಿಲ್ಲದೆ ತೋಟ ಮನೆ ನೋಡಿಕೊಂಡು ಓಡಾಡುತ್ತಿದ್ದಾರೆ. ಕಲ್ಲು ಹುಡುಕಲು ಹೋದಾಗ ನಿಮ್ಮ ತಾಯಿಯದು ಕಣ್ಣಿಗೆ ಬಿತ್ತು, ಅಷ್ಟೇ.

ಎಲ್ಲ ಗುಳ್ಳೆಗಳೂ ಸಾಧುವಲ್ಲ. ಸಾಧುವೋ ಅಲ್ಲವೋ ಎಂಬುದನ್ನು ಅಳತೆಯಷ್ಟೇ ಹೇಳುವುದಿಲ್ಲ, ಗುಳ್ಳೆಯ ರೂಪ ಹೇಳುತ್ತದೆ. ಆದ್ದರಿಂದ ಫೋನಿನಲ್ಲಿ ಕೇಳಿದ್ದನ್ನು ನಂಬಿ ಕೂರಬೇಡಿ. ಪೂರ್ತಿ ವರದಿಯ ಫೋಟೋ ತರಿಸಿಕೊಂಡು ನೀವೇ ಓದಿ. ‘ಯೂನಿಲಾಕ್ಯುಲರ್’, ‘ಥಿನ್ ವಾಲ್ಡ್’, ‘ಅನೆಕೋಯಿಕ್’ ಎಂಬ ಪದಗಳಿದ್ದರೆ, ಒಂದೇ ಕೋಣೆ, ತೆಳು ಗೋಡೆ, ಒಳಗೆ ತಿಳಿನೀರು ಎಂದು ಅರ್ಥ. ಅವು ಸಮಾಧಾನದ ಪದಗಳು. ‘ಸೆಪ್ಟೇಶನ್’ ಎಂದಿದ್ದರೆ ಒಳಗೆ ಅಡ್ಡಗೋಡೆಗಳಿವೆ. ತೆಳುವಾದ ಒಂದು ಅಡ್ಡಗೋಡೆಗೆ ಹೆದರಬೇಕಿಲ್ಲ, ದಪ್ಪವಾಗಿದ್ದರೆ, ಹಲವಿದ್ದರೆ ಗಮನ ಕೊಡಬೇಕು. ‘ಸಾಲಿಡ್ ಕಾಂಪೊನೆಂಟ್’, ‘ಪ್ಯಾಪಿಲ್ಲರಿ ಪ್ರೊಜೆಕ್ಷನ್’ ಎಂದರೆ ನೀರಿನ ನಡುವೆ ಗಟ್ಟಿ ಭಾಗವಿದೆ, ಒಳಗೋಡೆಯಿಂದ ಮೊಳಕೆಯಂತೆ ಏನೋ ಚಾಚಿದೆ ಎಂದು. ಆ ಗಟ್ಟಿ ಭಾಗದೊಳಗೆ ರಕ್ತಸಂಚಾರ ಜೋರಾಗಿದೆ ಎಂದೂ ಬರೆದಿದ್ದರೆ, ಇಲ್ಲವೇ ಹೊಟ್ಟೆಯಲ್ಲಿ ನೀರು ತುಂಬಿದೆ ಎನ್ನುವ ‘ಅಸೈಟಿಸ್’ ಎಂಬ ಪದವಿದ್ದರೆ, ನಾನು ಮೇಲೆ ಹೇಳಿದ ‘ಕಾಯಿರಿ’ ಎಂಬ ಮಾತನ್ನು ಬಿಟ್ಟುಬಿಡಿ. ಆ ವಾರವೇ ತಜ್ಞರನ್ನು ಕಾಣಬೇಕು.

ಬಲ ಅಂಡಾಶಯ ಕಾಣಿಸಲಿಲ್ಲ ಎಂಬ ಸಾಲಿಗೆ ಹೆದರಬೇಡಿ. ಮುಟ್ಟು ನಿಂತು ವರ್ಷಗಳಾದ ಮೇಲೆ ಅಂಡಾಶಯ ಬಹಳ ಸಣ್ಣದಾಗುತ್ತದೆ, ಕರುಳಿನ ವಾಯುವಿನ ಮರೆಯಲ್ಲಿ ಸೇರಿಕೊಳ್ಳುತ್ತದೆ. ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಅದು ಸಿಗದೇ ಹೋಗುವುದು ದಿನನಿತ್ಯದ ಸಂಗತಿ.

ನಿಮ್ಮ ತಾಯಿಗೆ ಮಾಡಿದ್ದು ಮೂತ್ರಪಿಂಡ ನೋಡಲು ಹೊಟ್ಟೆಯ ಮೇಲಿನಿಂದ ಮಾಡಿದ ಸ್ಕ್ಯಾನ್. ಅಂಡಾಶಯವನ್ನು ಸ್ಪಷ್ಟವಾಗಿ ನೋಡಬೇಕಾದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬೇಕು. ಮುಂದಿನ ಸಲ ಅದನ್ನೇ ಮಾಡಿಸಿ. ಇದನ್ನು ತಾಯಿಗೆ ಮೊದಲೇ ತಿಳಿಸಿ ಹೇಳದೆ ಕರೆದುಕೊಂಡು ಹೋಗಬೇಡಿ. ಹೆಬ್ಬೆರಳ ದಪ್ಪದ ಒಂದು ನಳಿಕೆಗೆ ಕವಚ ಹಾಕಿ, ಜೆಲ್ ಹಚ್ಚಿ, ನಿಧಾನವಾಗಿ ಒಳಗೆ ಸೇರಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ. ವಯಸ್ಸಾದವರಿಗೆ ಒಣಗಿದ ಜಾಗದಲ್ಲಿ ಸ್ವಲ್ಪ ಉರಿಯಾಗಬಹುದು. ನೋವಾದರೆ ನಿಲ್ಲಿಸಿ ಎಂದು ಹೇಳುವ ಹಕ್ಕು ಅವರಿಗಿದೆ. ಮಹಿಳಾ ವೈದ್ಯರೇ ಮಾಡಬೇಕೆಂದು ಕೇಳಿ, ಬಹಳ ಕಡೆ ಒಪ್ಪುತ್ತಾರೆ. ಮೂತ್ರ ತುಂಬಿಕೊಂಡು ಕಾಯುವ ಹಿಂಸೆಯೂ ಇದಕ್ಕಿಲ್ಲ, ಮೂತ್ರ ಮಾಡಿ ಬಂದೇ ಮಲಗಬೇಕು. ಹೊಟ್ಟೆಯ ಸ್ಕ್ಯಾನ್ ಎಂದು ಬೆಳಿಗ್ಗೆ ಮನೆಯಲ್ಲೇ ಒಂದು ಲೀಟರ್ ನೀರು ಕುಡಿದು, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಬರುವ ಹೆಂಗಸರನ್ನು ನಾನು ನೋಡುತ್ತಲೇ ಇರುತ್ತೇನೆ. ಅದು ಬೇಕಾಗಿಲ್ಲ. ಹೊಟ್ಟೆಯ ಮೇಲಿನ ಸ್ಕ್ಯಾನ್ ಆದರೂ ಇಲ್ಲಿಗೆ ಬಂದು ಇಳಿದ ಮೇಲೆ ನೀರು ಕುಡಿದರೆ ಆಯಿತು.

ಈಗ ರಕ್ತ ಪರೀಕ್ಷೆ. ಸಿಎ-125ಕ್ಕೆ ಸಾಮಾನ್ಯ ಮಿತಿ 35. ನಿಮ್ಮ ತಾಯಿಯದು 19, ಒಳ್ಳೆಯದೇ. ಆದರೆ ಈ ಪರೀಕ್ಷೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹೊಟ್ಟೆಯ ಕ್ಷಯ, ಯಕೃತ್ತಿನ ಕಾಯಿಲೆ, ಹೃದಯ ದುರ್ಬಲವಾಗುವುದು ಮುಂತಾದ ಕಾರಣಗಳಿಗೂ ಅದು ಏರುತ್ತದೆ. ಅಂಡಾಶಯದ ಕ್ಯಾನ್ಸರ್ ಮೊದಲ ಹಂತದಲ್ಲಿರುವಾಗ ಸುಮಾರು ಅರ್ಧದಷ್ಟು ಮಂದಿಯಲ್ಲಿ ಏರದೆಯೂ ಇರುತ್ತದೆ. ಅದಕ್ಕಾಗಿ ನಾವು ಮೂರನ್ನು ಗುಣಿಸಿ ಲೆಕ್ಕ ಹಾಕುತ್ತೇವೆ: ಸ್ಕ್ಯಾನ್‌ನಲ್ಲಿ ಕಂಡ ಅನುಮಾನದ ಲಕ್ಷಣಗಳಿಗೆ ಅಂಕ, ಮುಟ್ಟು ನಿಂತಿದ್ದರೆ 3, ಮತ್ತು ಸಿಎ-125 ಸಂಖ್ಯೆ. ಅಡ್ಡಗೋಡೆಗಳು, ಗಟ್ಟಿ ಭಾಗ, ಎರಡೂ ಕಡೆ ಗುಳ್ಳೆ, ಹೊಟ್ಟೆಯಲ್ಲಿ ನೀರು, ಬೇರೆಡೆಗೆ ಹರಡಿದ ಗುರುತು ಇವುಗಳಲ್ಲಿ ಒಂದೂ ಇಲ್ಲದಿದ್ದರೆ ಅಂಕ ಸೊನ್ನೆ, ಒಂದಿದ್ದರೆ 1, ಎರಡು ಅಥವಾ ಹೆಚ್ಚಿದ್ದರೆ 3. ನಿಮ್ಮ ತಾಯಿಗೆ ಯಾವುದೂ ಇಲ್ಲ, ಆದ್ದರಿಂದ ಗುಣಲಬ್ಧವೂ ಸೊನ್ನೆ. ಒಂದು ಲಕ್ಷಣ ಇದ್ದಿದ್ದರೂ 1×3×19, ಅಂದರೆ 57 ಆಗುತ್ತಿತ್ತು. 200 ದಾಟಿದರೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ತಿಳಿದ ಸ್ತ್ರೀರೋಗ ತಜ್ಞರ ಬಳಿಗೇ ಹೋಗಬೇಕು ಎಂಬುದು ರೂಢಿ. ನೀವು ಆ ಗಡಿಯಿಂದ ಬಹಳ ದೂರದಲ್ಲಿದ್ದೀರಿ.

ಒಂದು ಮಾತು ಇಲ್ಲೇ ಹೇಳಬೇಕು. ಭಯ ತಡೆಯಲಾಗದೆ ತಿಂಗಳಿಗೊಮ್ಮೆ ಸಿಎ-125 ಮಾಡಿಸುವವರಿದ್ದಾರೆ, ವರ್ಷಕ್ಕೊಮ್ಮೆ ಪ್ಯಾಕೇಜ್ ಪರೀಕ್ಷೆಗಳಲ್ಲಿ ಸೇರಿಸಿ ಮಾಡಿಸುವವರೂ ಇದ್ದಾರೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಯಾವ ತೊಂದರೆಯೂ ಇಲ್ಲದವರಿಗೆ ವರ್ಷ ವರ್ಷ ಈ ಪರೀಕ್ಷೆ ಅಥವಾ ಸ್ಕ್ಯಾನ್ ಮಾಡಿದ್ದರಿಂದ ಅಂಡಾಶಯದ ಕ್ಯಾನ್ಸರ್‌ನ ಸಾವುಗಳು ಕಡಿಮೆಯಾಗಲಿಲ್ಲ. ನಿಮ್ಮ ತಾಯಿಗೆ ಗುಳ್ಳೆ ಕಂಡಿದೆ, ಅದರ ಜೊತೆಗೆ ಪರೀಕ್ಷೆ ಮಾಡಿದ್ದು ಸರಿ. ಏನೂ ಇಲ್ಲದವರು ಸುಮ್ಮನೆ ಮಾಡಿಸಿಕೊಂಡು ನಿದ್ದೆಗೆಡುವುದು ಬೇಡ.

ಹಾಗಾದರೆ ಮುಂದಿನ ಸ್ಕ್ಯಾನ್ ಯಾವಾಗ? 5 ಸೆಂ.ಮೀ.ಗಿಂತ ಚಿಕ್ಕದಾದ, ಒಂದೇ ಕಡೆ ಇರುವ, ತೊಂದರೆ ಕೊಡದ ಸರಳ ಗುಳ್ಳೆಗೆ ನಾಲ್ಕರಿಂದ ಆರು ತಿಂಗಳೊಳಗೆ ಮತ್ತೊಮ್ಮೆ ಸ್ಕ್ಯಾನ್ ಮತ್ತು ಸಿಎ-125. ಒಂದು ವರ್ಷದವರೆಗೂ ಹಾಗೆಯೇ ಇದ್ದರೆ, ಇಲ್ಲವೇ ಕುಗ್ಗಿದರೆ, ಆಮೇಲೆ ಅದನ್ನು ಬೆನ್ನಟ್ಟಬೇಕಾಗಿಲ್ಲ. ಆಗಸ್ಟ್ ಕೊನೆಯಿಂದ ನಾಲ್ಕು ತಿಂಗಳೆಂದರೆ ಡಿಸೆಂಬರ್ ಕೊನೆ. ಮಲೆನಾಡಿನ ಅಡಿಕೆ ಮನೆಯಲ್ಲಿ ಡಿಸೆಂಬರ್ ಎಂದರೆ ಏನೆಂದು ನಿಮಗೇ ಗೊತ್ತು. ಅಡಿಕೆ ಗೊನೆ ಕೊಯ್ಯುವವರು ಬಂದಿರುತ್ತಾರೆ, ಅಂಗಳದ ತುಂಬ ಅಡಿಕೆ, ಒಲೆಯ ಮೇಲೆ ಹಂಡೆ, ಜನಕ್ಕೆ ಮೂರು ಹೊತ್ತಿನ ಅಡುಗೆ. ‘ಸುಗ್ಗಿ ಮುಗಿಯಲಿ’ ಎಂದು ಅಮ್ಮ ಹೇಳಿಯೇ ಹೇಳುತ್ತಾರೆ. ಆ ಮಾತಿಗೆ ನೀವು ಜಗಳವಾಡಬೇಕಿಲ್ಲ, ಆರು ತಿಂಗಳ ಗಡುವು ಫೆಬ್ರವರಿ ಕೊನೆಗೆ ಬರುತ್ತದೆ. ಆದರೆ ಫೆಬ್ರವರಿ ಕೊನೆಯ ಒಂದು ದಿನವನ್ನು ಈಗಲೇ ಗೊತ್ತುಮಾಡಿ, ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಅಪ್ಪನ ಮೊಬೈಲಿನಲ್ಲೂ ನಿಮ್ಮದರಲ್ಲೂ ನೆನಪಿಗೆ ಹಾಕಿ. ಸಾಧ್ಯವಾದರೆ ಆ ದಿನ ನೀವೂ ಊರಿಗೆ ಬನ್ನಿ. ‘ನೋಡೋಣ’ ಎಂದು ಬಿಟ್ಟ ಎಷ್ಟೋ ಗುಳ್ಳೆಗಳು ಮೂರು ವರ್ಷದ ಮೇಲೆ ಹೊಟ್ಟೆಯ ತುಂಬ ಬೆಳೆದು ನಮ್ಮ ಮುಂದೆ ಬರುತ್ತವೆ. ದಿನಾಂಕ ಬರೆದಿಡದೆ ಹೋದದ್ದೇ ಅದಕ್ಕೆ ಕಾರಣ. ಸಾಧ್ಯವಿದ್ದರೆ ಎರಡೂ ಸ್ಕ್ಯಾನ್ ಒಂದೇ ಕಡೆ ಆಗಲಿ, ಹಳೆಯ ಫಿಲ್ಮ್ ಮತ್ತು ವರದಿ ಜೊತೆಗಿರಲಿ. ಅಳತೆ ಹೋಲಿಸುವಾಗ ನಾಲ್ಕೈದು ಮಿಲಿಮೀಟರ್ ವ್ಯತ್ಯಾಸ ನೋಡುವವರ ಕೈಯಿಂದಲೂ ಬರಬಹುದು, ಅದಕ್ಕೇ ಗುಳ್ಳೆ ಬೆಳೆಯಿತೆಂದು ಗಾಬರಿಯಾಗಬೇಡಿ.

ಗರ್ಭಕೋಶದ ಸಮೇತ ತೆಗೆಸಿಬಿಡಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಗುಳ್ಳೆ ಇರುವುದು ಅಂಡಾಶಯದಲ್ಲಿ. ಗರ್ಭಕೋಶದ ಒಳಪದರ 3 ಮಿ.ಮೀ. ಇದ್ದು, ರಕ್ತಸ್ರಾವವೂ ಇಲ್ಲವೆಂದರೆ ಅದು ಆರೋಗ್ಯವಾಗಿದೆ. ಆರೋಗ್ಯವಾಗಿರುವ ಅಂಗವನ್ನು ತೆಗೆಯಲು ವಯಸ್ಸು ಕಾರಣವಾಗಲಾರದು. ಗರ್ಭಕೋಶ ತೆಗೆಯುವ ಆಪರೇಷನ್‌ನಲ್ಲಿ ಮೂತ್ರಕೋಶಕ್ಕೆ, ಮೂತ್ರನಾಳಕ್ಕೆ ಪೆಟ್ಟಾಗುವ ಅಪಾಯವಿದೆ, ಮುಂದೆ ಯೋನಿಯ ಮೇಲ್ಭಾಗ ಜಾರುವ ತೊಂದರೆಯೂ ಬರಬಹುದು. ನಮ್ಮ ರಾಜ್ಯದ ಕಲಬುರಗಿ ಕಡೆಯ ತಾಂಡಾಗಳಲ್ಲಿ ಬಡ ಹೆಂಗಸರ ಗರ್ಭಕೋಶಗಳನ್ನು ಕಾರಣವಿಲ್ಲದೆ ತೆಗೆದದ್ದು ದೊಡ್ಡ ಸುದ್ದಿಯಾಗಿತ್ತು. ಇಂಥ ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು, ಅದನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಯಾರಾದರೂ ಗರ್ಭಕೋಶ ತೆಗೆಯಬೇಕು ಎಂದರೆ ‘ಯಾವ ಕಾಯಿಲೆಗೆ?’ ಎಂದು ಕೇಳಿ, ಕಾರಣವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಎರಡನೆಯ ಅಭಿಪ್ರಾಯ ಪಡೆದರೆ ಒಳ್ಳೆಯ ವೈದ್ಯರು ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮುಂದೆ ಗುಳ್ಳೆ ಬೆಳೆದರೆ, ರೂಪ ಬದಲಾದರೆ, ನೋವು ಕೊಡತೊಡಗಿದರೆ ತೆಗೆಸಬೇಕಾಗುತ್ತದೆ. ಆಗ ಮಾಡುವುದು ಲ್ಯಾಪರೊಸ್ಕೋಪಿ. ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳ ಮೂಲಕ ಎರಡೂ ಅಂಡಾಶಯಗಳನ್ನು, ಅಂಡನಾಳಗಳನ್ನು ತೆಗೆಯುತ್ತಾರೆ. ಗುಳ್ಳೆ ಹೊಟ್ಟೆಯೊಳಗೆ ಒಡೆಯದಂತೆ ಚೀಲದಲ್ಲಿ ಹಾಕಿ ಹೊರಗೆ ತರಬೇಕು. ಸೂಜಿ ಚುಚ್ಚಿ ನೀರು ತೆಗೆದುಬಿಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗುಳ್ಳೆ ಮತ್ತೆ ತುಂಬಿಕೊಳ್ಳಬಹುದು, ತೆಗೆದ ನೀರಿನ ಪರೀಕ್ಷೆ ನಂಬಿಕೆಗೆ ಅರ್ಹವಲ್ಲ, ಅಕಸ್ಮಾತ್ ಕ್ಯಾನ್ಸರ್ ಇದ್ದರೆ ಹೊಟ್ಟೆಯೊಳಗೆ ಹರಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ವೈದ್ಯಕೀಯ ಕಾಲೇಜಿನ ಸ್ತ್ರೀರೋಗ ವಿಭಾಗವಿದೆ, ಮೊದಲ ತಪಾಸಣೆಗೆ, ಎರಡನೆಯ ಅಭಿಪ್ರಾಯಕ್ಕೆ ಅಲ್ಲಿಗೆ ಹೋಗಬಹುದು. ಕ್ಯಾನ್ಸರ್ ಅನುಮಾನ ಬಲವಾಗಿದ್ದರೆ ಮಾತ್ರ ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಬೇಕು. ಅಂಥ ಆಪರೇಷನ್ ಮೊದಲ ಸಲವೇ ಸರಿಯಾದ ಕೈಯಲ್ಲಿ ಆಗಬೇಕು. ಬಿಪಿಎಲ್ ಕಾರ್ಡ್ ಇದ್ದರೆ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಕಾರ್ಡಿನವರಿಗೆ ಯೋಜನೆಯಲ್ಲಿ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ. ಕಾರ್ಡು ಇನ್ನೂ ಮಾಡಿಸಿಲ್ಲವಾದರೆ ಈಗಲೇ ಮಾಡಿಸಿಡಿ.

ನಾಟಿ ಔಷಧಿಯ ವಿಷಯ ನೀವು ಕೇಳಿಲ್ಲ, ಆದರೆ ನಮ್ಮ ಕಡೆ ಈ ಸುದ್ದಿ ಹಬ್ಬಿದ ಕೂಡಲೇ ಯಾರಾದರೊಬ್ಬರು ಬೇರಿನ ಪುಡಿ ತಂದುಕೊಡುತ್ತಾರೆ. ಮೂರರಲ್ಲಿ ಒಂದು ಗುಳ್ಳೆ ತಾನೇ ಕರಗುತ್ತದೆ ಎಂದೆನಲ್ಲ, ಆ ಸಮಯದಲ್ಲಿ ಯಾವ ಪುಡಿ ತಿಂದಿದ್ದರೂ ಅದಕ್ಕೇ ಹೆಸರು ಬರುತ್ತದೆ. ಒಳಗೆ ಏನಿದೆಯೆಂದು ಗೊತ್ತಿಲ್ಲದ ಪುಡಿ ಯಕೃತ್ತಿಗೆ, ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಅದಕ್ಕಿಂತ ಹೆಚ್ಚಾಗಿ, ಔಷಧಿ ನಡೆಯುತ್ತಿದೆಯಲ್ಲ ಎಂದು ಫೆಬ್ರವರಿಯ ಸ್ಕ್ಯಾನ್ ತಪ್ಪಿಹೋಗಬಾರದು.

ದಿನಾಂಕಕ್ಕೆ ಕಾಯದೆ ಹೊರಡಬೇಕಾದ ಸಂದರ್ಭಗಳಿವೆ. ಹೊಟ್ಟೆಯ ಕೆಳಭಾಗದಲ್ಲಿ ಒಮ್ಮೆಲೇ ಸಹಿಸಲಾಗದ ನೋವು, ಜೊತೆಗೆ ವಾಂತಿ ಬಂದರೆ ಗುಳ್ಳೆಯ ಬುಡ ತಿರುಚಿಕೊಂಡಿರಬಹುದು. ಮಳೆ ಇರಲಿ, ರಾತ್ರಿ ಇರಲಿ, 108 ಕರೆದು ಹೊರಡಿ. ಎರಡು ಮೂರು ವಾರ ಬಿಡದೆ ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಊಟ ಸೇರದೆ ಇಳಿದುಹೋಗುವುದು, ಪದೇ ಪದೇ ಮೂತ್ರಕ್ಕೆ ಅವಸರ, ಇವು ಹೊಸದಾಗಿ ಶುರುವಾದರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ದಿನ ತಳ್ಳಬೇಡಿ. ಐವತ್ತು ದಾಟಿದ ಹೆಂಗಸಿಗೆ ಮೊದಲ ಬಾರಿಗೆ ಬಂದ ‘ಗ್ಯಾಸ್ಟ್ರಿಕ್’ಗೆ ಅಂಡಾಶಯದ ಪರೀಕ್ಷೆ ಆಗಲೇಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ರಕ್ತ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ, ಒಂದೇ ಸಲ ಕಂಡರೂ, ಕಂದು ಬಣ್ಣದ ಕಲೆಯಷ್ಟೇ ಇದ್ದರೂ ತೋರಿಸಬೇಕು. ನಮ್ಮ ಹೆಂಗಸರು ಇದಕ್ಕೆ ‘ಉಷ್ಣ’ ಎಂದು ಕಾರಣ ಕೊಟ್ಟುಕೊಂಡು, ಮಜ್ಜಿಗೆಯಲ್ಲಿ ಜೀರಿಗೆ ಹಾಕಿ ಕುಡಿದು ಸುಮ್ಮನಾಗುತ್ತಾರೆ. ಹಾಗೆ ರಕ್ತ ಕಂಡ ಹತ್ತರಲ್ಲಿ ಸುಮಾರು ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಉಳಿದ ಹೆಚ್ಚಿನವರಿಗೆ ಸಣ್ಣ ಕಾರಣ. ಆ ಕ್ಯಾನ್ಸರ್ ಬೇಗ ಸಿಕ್ಕರೆ ಬಹುಪಾಲು ಮಂದಿಗೆ ಪೂರ್ತಿ ವಾಸಿಯಾಗುತ್ತದೆ, ಅದಕ್ಕೇ ಇಷ್ಟು ಹೇಳುವುದು.

ಇನ್ನು ಮದುವೆಮನೆಯ ಮಾತು. ಸುಖವಾಗಿ ಓಡಾಡಿಕೊಂಡಿದ್ದ 62ರ ಹೆಂಗಸು ಒಮ್ಮೆಲೇ ಸಮಾರಂಭಗಳನ್ನು ಬಿಟ್ಟರೆ, ಬಸ್ ಬೇಡವೆಂದರೆ, ಒಂದು ಪ್ರಶ್ನೆ ನನಗೆ ತಕ್ಷಣ ಬರುತ್ತದೆ: ಅವರಿಗೆ ಮೂತ್ರ ಸೋರುತ್ತಿದೆಯೇ? ಅಥವಾ ಗರ್ಭಕೋಶ ಕೆಳಗೆ ಜಾರಿದೆಯೇ? ಕೆಮ್ಮಿದರೆ, ಜೋರಾಗಿ ನಕ್ಕರೆ ಸೀರೆ ಒದ್ದೆಯಾಗುತ್ತದೆಂಬ ಹೆದರಿಕೆಯಿದ್ದವರು ಪಂಕ್ತಿಯಲ್ಲಿ ಕೂರುವುದಿಲ್ಲ. ಶೌಚಾಲಯ ಎಲ್ಲಿದೆಯೋ ಎಂಬ ಚಿಂತೆಯಿದ್ದವರು ಬಸ್ ಹತ್ತುವುದಿಲ್ಲ. ಕೂತರೆ ಕೆಳಗೆ ಏನೋ ಒತ್ತಿದಂತಾಗುವವರು ಹಾಸಿಗೆಯಲ್ಲಿ ಒರಗಿಕೊಂಡೇ ಇರಲು ನೋಡುತ್ತಾರೆ. ಇದನ್ನು ಮಗಳ ಹತ್ತಿರವೂ ಹೇಳುವುದಿಲ್ಲ. ಸೊಂಟ ನೋವೆಂದು ಹೇಳುತ್ತಾರೆ. ಜಾರಿದ ಗರ್ಭಕೋಶದ ಎಳೆತ ಸೊಂಟದಲ್ಲೇ ಕಾಣಿಸಿಕೊಳ್ಳಬಹುದು.

ಮಲೆನಾಡಿನ ಹೆಂಗಸರ ದಿನಚರಿ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಹೆರಿಗೆಯಾಗಿ ತಿಂಗಳಾಗುವ ಮೊದಲೇ ನೀರು ಹೊತ್ತವರು, ಬೆಟ್ಟದಿಂದ ಸೊಪ್ಪಿನ ಹೊರೆ ಇಳಿಸಿದವರು, ಕೊಟ್ಟಿಗೆಯ ಗೊಬ್ಬರದ ಬುಟ್ಟಿ ತಲೆಗೇರಿಸಿದವರು, ಒಲೆಯ ಹೊಗೆಗೆ ವರ್ಷಗಟ್ಟಲೆ ಕೆಮ್ಮಿದವರು. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕೂತು ಅಡಿಕೆ ಸುಲಿಯುವಾಗ, ಎದ್ದು ಹೋದರೆ ಸುಲಿದ ಅಡಿಕೆಯ ಡಬ್ಬದ ಲೆಕ್ಕ ಹಿಂದೆ ಬೀಳುತ್ತದೆಂದು ನೀರೇ ಕುಡಿಯದೆ, ಮೂತ್ರ ಬಿಗಿಹಿಡಿದು ಕೂರುತ್ತಾರೆ. ಹೊಟ್ಟೆಯ ತಳದ ಸ್ನಾಯುಗಳು ಇಷ್ಟನ್ನೂ ಹೊತ್ತು ಸಡಿಲವಾಗಿರುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಕಡಿಮೆಯಾಗಿ ಆ ಭಾಗದ ಚರ್ಮ ತೆಳುವಾಗುತ್ತದೆ, ಒಣಗುತ್ತದೆ. ಆಗ ಉರಿ, ಪದೇ ಪದೇ ಮೂತ್ರದ ಸೋಂಕು, ಅವಸರ ಎಲ್ಲವೂ ಒಟ್ಟಿಗೆ ಬರುತ್ತವೆ.

ಇವಕ್ಕೆಲ್ಲ ಪರಿಹಾರವಿದೆ, ಬಹುಪಾಲು ಆಪರೇಷನ್ ಇಲ್ಲದೆಯೇ. ಮೂತ್ರವನ್ನು ಅರ್ಧಕ್ಕೆ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಒಮ್ಮೆ ಗುರುತಿಸಿಕೊಂಡು, ಆಮೇಲೆ ಬೇರೆ ಹೊತ್ತಿನಲ್ಲಿ ಅದನ್ನೇ ಬಿಗಿಹಿಡಿದು ಸಡಿಲಿಸಬೇಕು. ಒಂದು ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂತ್ರ ಮಾಡುವಾಗಲೇ ದಿನಾ ಅಭ್ಯಾಸ ಮಾಡಬಾರದು. ಕೂತು ಹಾಲು ಕಾಯಿಸುವಾಗಲೂ ಮಾಡಬಹುದಾದ ವ್ಯಾಯಾಮವಿದು. ಮೊದಲ ತಿಂಗಳಲ್ಲಿ ಏನೂ ಆಗಲಿಲ್ಲವೆಂದು ಬಿಡುವವರೇ ಹೆಚ್ಚು, ನೀವು ಬಿಡಲು ಕೊಡಬೇಡಿ. ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಪಡಿಸಿ. ಹೊರೆ ಹೊರುವುದನ್ನು ನಿಲ್ಲಿಸಲಿ. ಮಧುಮೇಹ ಪರೀಕ್ಷೆಯೂ ಆಗಲಿ. ಗರ್ಭಕೋಶ ಜಾರಿದ್ದರೆ ಪೆಸರಿ ಎಂಬ ಸಿಲಿಕೋನ್ ಬಳೆಯನ್ನು ಒಳಗಿಟ್ಟು ಅದನ್ನು ಎತ್ತಿಹಿಡಿಯಬಹುದು, ಆರು ತಿಂಗಳಿಗೊಮ್ಮೆ ವೈದ್ಯರ ಹತ್ತಿರ ತೋರಿಸಿ ಸ್ವಚ್ಛಗೊಳಿಸಿಕೊಳ್ಳಬೇಕು. ಒಣಗುವಿಕೆಗೆ ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ಅದು ರಕ್ತಕ್ಕೆ ಸೇರುವುದು ಬಹಳ ಸ್ವಲ್ಪ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ತಮ್ಮ ವೈದ್ಯರನ್ನು ಕೇಳಿಯೇ ಬಳಸಬೇಕು.

ಈ ತಪಾಸಣೆಗೆ ಫೆಬ್ರವರಿವರೆಗೆ ಕಾಯಬೇಡಿ, ಈ ತಿಂಗಳೇ ಆಗಲಿ. ಇನ್ನೊಂದು ಕಾರಣವೂ ಇದೆ. ಗರ್ಭಕೋಶ ಪೂರ್ತಿ ಹೊರಗೆ ಜಾರಿದ್ದು, ಪೆಸರಿ ನಿಲ್ಲದಿದ್ದರೆ, ಆಗ ಯೋನಿಯ ಮೂಲಕ ಗರ್ಭಕೋಶ ತೆಗೆದು ಸಡಿಲವಾದದ್ದನ್ನು ಬಿಗಿಗೊಳಿಸುವ ಆಪರೇಷನ್ ಸರಿಯಾದ ಚಿಕಿತ್ಸೆಯೇ ಆಗಬಹುದು, ಅದೇ ಸಮಯದಲ್ಲಿ ಅಂಡಾಶಯವನ್ನೂ ತೆಗೆಯಬಹುದು. ಅಂದರೆ ನಿಮ್ಮ ತಾಯಿಗೆ ಆಪರೇಷನ್ ಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಸ್ಕ್ಯಾನ್ ವರದಿಯೊಂದೇ ಸಾಲದು. ಇಬ್ಬರು ವೈದ್ಯರಲ್ಲಿ ಯಾರಾದರೂ ಅವರನ್ನು ಮಲಗಿಸಿ ಒಳಪರೀಕ್ಷೆ ಮಾಡಿದ್ದಾರೆಯೇ? ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ.

ಕೇಳುವುದು ಹೇಗೆ ಎಂದು ನಿಮಗೆ ಸಂಕೋಚವಿರಬಹುದು. ಫೋನಿನಲ್ಲಿ ಕೇಳಬೇಡಿ, ಅಪ್ಪ ಪಕ್ಕದಲ್ಲೇ ಇರುತ್ತಾರೆ. ಊರಿಗೆ ಹೋದಾಗ ಇಬ್ಬರೇ ಇರುವ ಹೊತ್ತು ನೋಡಿ, ‘ಅಮ್ಮಾ, ಕೆಮ್ಮಿದರೆ ಮೂತ್ರ ಹನಿಯುತ್ತದೆಯಾ? ಕೆಳಗೆ ಏನಾದರೂ ಜಾರಿದ ಹಾಗೆ ಅನಿಸುತ್ತದೆಯಾ?’ ಎಂದು ಸೀದಾ ಕೇಳಿ. ‘ಏನಾದರೂ ತೊಂದರೆಯಿದೆಯಾ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ನೀವೂ ಹೆತ್ತವರಾಗಿದ್ದರೆ ನಿಮ್ಮ ಅನುಭವ ಹೇಳಿ ಶುರುಮಾಡಿ. ಹೆಂಗಸರು ಮಾತಿಗೆ ಮಾತು ಕೂಡಿದಾಗ ಬಾಯಿ ಬಿಡುತ್ತಾರೆ.

ಕೊನೆಗೆ ಸೋದರತ್ತೆಯ ವಿಚಾರ. ಅವರು ನಿಮ್ಮ ಅಪ್ಪನ ಒಡಹುಟ್ಟಿದವರು, ತಾಯಿಗೆ ರಕ್ತಸಂಬಂಧವಿಲ್ಲ (ಸೋದರ ಸಂಬಂಧದಲ್ಲಿ ಮದುವೆಯಾಗಿದ್ದರೆ ಮಾತ್ರ ಬೇರೆ ಮಾತು, ವೈದ್ಯರಿಗೆ ತಿಳಿಸಿ). ಆದ್ದರಿಂದ ಅತ್ತೆಯ ಕಾಯಿಲೆಯಿಂದ ನಿಮ್ಮ ತಾಯಿಯ ಅಪಾಯ ಹೆಚ್ಚುವುದಿಲ್ಲ. ತಾಯಿಯ ಕಡೆ ಅಜ್ಜಿಗೋ ಚಿಕ್ಕಮ್ಮ ದೊಡ್ಡಮ್ಮಂದಿರಿಗೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತೇ ಎಂದು ಕೇಳಿ, ಅವರಿಗೆ ಸಂಬಂಧಿಸಿದ್ದು ಅದು.

ಅತ್ತೆಯ ಕಾಯಿಲೆ ಸಂಬಂಧಿಸಿದ್ದು ನಿಮಗೆ. ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಒಂದು ಪಾಲು ವಂಶವಾಹಿಯಲ್ಲಿ ಬರುತ್ತದೆ. ಬಿಆರ್‌ಸಿಎ 1 ಮತ್ತು 2 ಎಂಬ ಜೀನ್‌ಗಳ ದೋಷ ಅದಕ್ಕೆ ಮುಖ್ಯ ಕಾರಣ. ಈ ದೋಷ ತಂದೆಯ ಮೂಲಕವೂ ಬರುತ್ತದೆ. ಹೆಂಗಸರ ಕಾಯಿಲೆಯಾದ್ದರಿಂದ ಗಂಡಸಿನ ಕಡೆಯಿಂದ ಬರಲಾರದು ಎಂದು ಜನ ತಿಳಿದಿದ್ದಾರೆ, ಅದು ತಪ್ಪು. ಅಪ್ಪನಲ್ಲಿ ದೋಷವಿದ್ದರೆ ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಇದ್ದೇ ಇದೆ ಎಂದು ನಾನು ಹೇಳುತ್ತಿಲ್ಲ, ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಆದರೆ ಇದ್ದರೆ ಮೊದಲೇ ತಿಳಿದುಕೊಂಡು ಮಾಡಬಹುದಾದದ್ದು ಬಹಳವಿದೆ. ಅತ್ತೆಯ ಮನೆಯವರ ಬಳಿ ಅವರ ಆಸ್ಪತ್ರೆಯ ಕಡತವಿರುತ್ತದೆ, ಅದರಲ್ಲಿ ಬಯಾಪ್ಸಿ ವರದಿ ಇರುತ್ತದೆ. ಯಾವ ಬಗೆಯ ಕ್ಯಾನ್ಸರ್, ಎಷ್ಟನೇ ವಯಸ್ಸಿನಲ್ಲಿ, ಜೀನ್ ಪರೀಕ್ಷೆ ಆಗಿತ್ತೇ ಎಂಬ ಮೂರನ್ನು ಬರೆದುಕೊಳ್ಳಿ. ಅಪ್ಪನ ಕಡೆ ಬೇರೆ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿತ್ತೇ ಎಂದೂ ಕೇಳಿ. ಆ ವರದಿಯ ಪ್ರತಿ ಹಿಡಿದು ಬೆಂಗಳೂರಿನಲ್ಲಿ ಜೆನೆಟಿಕ್ ಕೌನ್ಸೆಲಿಂಗ್ (ವಂಶವಾಹಿ ದೋಷದ ಬಗ್ಗೆ ಸಲಹೆ) ಇರುವ ಕ್ಯಾನ್ಸರ್ ಆಸ್ಪತ್ರೆಯೊಂದಕ್ಕೆ ಹೋಗಿ. ಪರೀಕ್ಷೆ ಬೇಕೆಂದರೆ ಮೊದಲು ನಿಮ್ಮ ತಂದೆಯ ರಕ್ತವನ್ನೇ ಕೇಳುವ ಸಾಧ್ಯತೆಯಿದೆ, ಆದ್ದರಿಂದ ಊರಿಗೆ ಹೋದಾಗ ಅವರೊಂದಿಗೂ ಒಂದು ಮಾತು ಆಡಿ ಬನ್ನಿ.